ಮೊಗುಲಪ್ಪನವರ ಚಹಾ

ಗದ್ವಾಲದ ಮೊಗುಲಪ್ಪನವರು ಮೊದಲು ಸೀರೆ ನೇಯುತ್ತಿದ್ದರು. ಈಗ ಗಾಳದ ಕೋಲಿಗೆ ಉಂಗುರ ಕೂರಿಸಿ, ಅದು ಅಲುಗದಂತೆ ದಾರ ಸುತ್ತುತ್ತಾರೆ. ದಾರದ ಮೇಲೆ ತಾವೇ ಎಪಾಕ್ಸಿ ಅಂಟು ಬಳಿದು ಉಬ್ಬುತಗ್ಗು ಮಾಡಿಕೊಂಡವರೆಲ್ಲ ಕೊನೆಗೆ ಬರುವುದು ಅವರ ಕಟ್ಟೆಗೇ. ಅವರು ಕಣ್ಣು ಮುಚ್ಚಿ ಕೋಲಿನ ಮೇಲೆ ಹೆಬ್ಬೆರಳಾಡಿಸಿ, "ಮೂರನೇ ಉಂಗುರದಾಗ ಉಬ್ಬೈತ್ರಿ. ಬಳಿದ ಮ್ಯಾಲ ತಿರುಗಿಸಾಕ ಬ್ಯಾಸರ ಬಂತೇನ್ರಿ?" ಎಂದು ಗದರುತ್ತಾರೆ. ಉಬ್ಬನ್ನು ಮರಳುಕಾಗದದಲ್ಲಿ ತಿಕ್ಕಿ, ಸ್ಪಿರಿಟ್‌ನಿಂದ ಒರೆಸಿ, ತೆಳ್ಳಗೆ ಇನ್ನೊಂದು ಕೈ ಅಂಟು ಬಳಿದು, ಅದು ಒಂದೇ ಕಡೆ ಇಳಿಯದಂತೆ, ಬಿಗಿಯುವ ತನಕ ತಾಸುಗಟ್ಟಲೆ ಕೋಲನ್ನು ಕೈಯಲ್ಲೇ ತಿರುಗಿಸುತ್ತ ಕೂರುತ್ತಾರೆ. ಮೋಟರ್ ಹಚ್ಚಿರೆಂದರೆ, "ಮೋಟರಿಗೆ ಚಹಾ ಕುಡಿಸಾಕ ಬರ್ತೈತೇನ್ರಿ?" ಎನ್ನುತ್ತಾರೆ. ಅವರಿಗಂತೂ ಹತ್ತು ನಿಮಿಷಕ್ಕೊಮ್ಮೆ ಹೆಂಡತಿ ಅಮರಮ್ಮ ಬಂದು ಗ್ಲಾಸನ್ನು ತುಟಿಗೆ ಹಿಡಿಯುತ್ತಾರೆ. ಓಣಿಯವರು ಈ ಮುದ್ದಿಗೆ ನಗುತ್ತಾರೆ. ಗ್ಲಾಸು ಖಾಲಿಯಿರುವುದು ಹತ್ತಿರ ಕೂತವರಿಗಷ್ಟೇ ಕಾಣುತ್ತದೆ, ಅಮರಮ್ಮನವರ ಪಿಸುಮಾತೂ ಕೇಳುತ್ತದೆ: "ಅಂಟು ಎಡಕ್ಕ ಇಳ್ಯಾಕ ಹತ್ತೈತಿ, ಚೂರು ಜಲ್ದಿ ತಿರುಗಸ್ರಿ." ಮೊಗುಲಪ್ಪನವರ ಕಣ್ಣು ಮಂಜಾಗಿ ಎರಡು ವರ್ಷವಾಯಿತು, ಊರಿಗೆ ತಿಳಿದರೆ ಯಾರೂ ಕೋಲು ಕೊಡಲಾರರೆಂಬ ಅಂಜಿಕೆ ಅವರದು. ಹಳೆಯ ಗಿರಾಕಿಗಳು ಅಂಟು ಇಳಿಯುವುದನ್ನು ಕಂಡರೂ ಅವರಿಗೆ ಹೇಳುವುದಿಲ್ಲ. ಬಾಗಿಲ ಕಡೆ ತಿರುಗಿ ಕೂಗುತ್ತಾರೆ: "ಅಕ್ಕಾರ, ಅಣ್ಣಾಗ ಚಹಾ ತರ್ರಿ."