ಹಾಲುಕ್ಕಿಸಿದ ಗಾಜಿನ ಮನೆ

ಚನ್ನಪಟ್ಟಣಕ್ಕೆ ಎರಡು ಹರಿದಾರಿ ದೂರದ ಹಳ್ಳಿಯಲ್ಲಿ ನಾನು ಶಾಲೆಯ ಮೇಷ್ಟ್ರಾಗಿದ್ದೆ. ನನ್ನ ಹೆಂಡತಿ ತೀರಿಕೊಂಡದ್ದು ಅಲ್ಲೇ, ಮೂರು ದಿನದ ಜ್ವರದಲ್ಲಿ. ಅವಳನ್ನು ಕುರಿತು ಬರೆಯಲು ಕುಳಿತರೆ ಆ ಗಾಜಿನ ಮನೆಯೇ ಕಣ್ಣಿಗೆ ಅಡ್ಡ ಬರುತ್ತದೆ.

ಆ ವರ್ಷ ಸಸಿ ಬೆಳೆಸಲು ಒಂದು ಮನೆ ಕಟ್ಟಬೇಕೆಂದು ಊರಿನವರು ನಿಶ್ಚಯಿಸಿದರು. ರೈತರಿಗೆ ಹಿಪ್ಪುನೇರಳೆ ಸಸಿ ಸಿಗಬೇಕು, ಶಾಲೆಯ ಮಕ್ಕಳಿಗೆ ಅಲ್ಲೇ ತೋಟದ ಪಾಠವೂ ಆಗಬೇಕು. ಗಾಜಿನದೋ ಮತ್ತೊಂದೋ, ಎಂಥ ಮನೆ ಅನುಕೂಲವೆಂದು ವಿಚಾರಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ನನಗೇನು ಗೊತ್ತಿತ್ತು? ಗೊತ್ತಿದ್ದದ್ದು ಅವಳಿಗೆ. ಹಿತ್ತಲಿನ ಒಡಕು ಮಡಕೆಗಳಲ್ಲಿ ಹಿಪ್ಪುನೇರಳೆ ಕಡ್ಡಿ ನೆಟ್ಟು, ಮೇಲೆ ಬಿದಿರ ತಡಿಕೆ ಹೊದಿಸಿ ಚಿಗುರಿಸುತ್ತಿದ್ದಳು.

"ಗಾಜು ನಮ್ಮ ಬಿಸ್ಲಿಗಲ್ಲ ಕಣ್ರೀ. ನಾಕು ಕಂಬ ನೆಡ್ಸಿ, ತಡಿಕೆ ಹೊದ್ಸಿ. ಬ್ಯಾಡ ಅಂದಾಗ ಎತ್ತಿಟ್ರಾಯ್ತು," ಎಂದಳು. ಮರುಕ್ಷಣವೇ, "ಮೇಷ್ಟ್ರಿಗೆ ಪಾಠ ಹೇಳಕ್ಕೆ ಬಂದೆ ನೋಡಿ," ಎಂದು ನಕ್ಕಳು.

ಊರಿನ ಪಟೇಲರು ಬೆಂಗಳೂರಿನಲ್ಲಿ ಗಾಜಿನ ಮನೆ ನೋಡಿ ಬಂದಿದ್ದರು. ಸಭೆಯಲ್ಲಿ ನಾನು ತಡಿಕೆಯ ಮಾತೆತ್ತಿದೆ.

"ತಡಿಕೆಯಾ? ಏನ್ ಮೇಷ್ಟ್ರೇ, ಕುರಿ ಕೂಡಾಕ್ತೀರಾ?" ಎಂದರು ಪಟೇಲರು.

ಎಲ್ಲರೂ ನಕ್ಕರು. ಅದು ಹೆಂಡತಿಯ ಮಾತೆಂದು ತಿಳಿದರೆ ಇನ್ನೂ ನಗುತ್ತಾರೆಂದು ನಾನೂ ನಕ್ಕುಬಿಟ್ಟೆ. ರೈತರಿಗೂ ಶಾಲೆಗೂ ಗಾಜೇ ಸರಿಯೆಂದು ನನ್ನ ಕೈಯಾರೆ ಬರೆದುಕೊಟ್ಟೆ.

ಗಾಜು ಒಣಹುಲ್ಲಿನಲ್ಲಿ ಸುತ್ತಿಸಿಕೊಂಡು ರೈಲಿನಲ್ಲಿ ಬಂತು. ಕಟ್ಟಿ ಮುಗಿದಾಗ, ಹೆಸರೇ ಮನೆಯಾದ ಮೇಲೆ ಗೃಹಪ್ರವೇಶ ಬೇಡವೇ ಎಂದರು. ಹೋಮವಾಯಿತು, ಹಾಲುಕ್ಕಿಸಿದ್ದೂ ಆಯಿತು. ಮೊದಲ ಸಸಿಗಳೆಂದು ಅವಳು ತನ್ನ ಮಡಕೆಗಳನ್ನೆಲ್ಲ ಕೊಟ್ಟಳು. "ಬಿಸ್ಲೇರಕ್ಕೆ ಮುಂಚೆ ಮ್ಯಾಗಳ ಕಿಟ್ಕಿ ತೆಗೀರಿ, ಮರೀಬ್ಯಾಡಿ," ಎಂದಳು. ದಿನವೂ ಒಳಗೆ ಹೋಗಿ ಹಗ್ಗ ಎಳೆದು ಕಿಟಕಿ ತೆಗೆಯುತ್ತಿದ್ದೆ. ಕಡ್ಡಿಗಳು ಚಿಗುರಿದವು.

ತಿಂಗಳು ತುಂಬುವುದರೊಳಗೆ ಅವಳು ಹೋದಳು. ಮಣ್ಣು ಮಾಡಿದ ಮಾರನೆಯ ಬೆಳಗ್ಗೆ ನಾನು ಗಾಜಿನ ಮನೆಗೆ ಹೋದೆ. ಪಟೇಲರು ಬಾಗಿಲಲ್ಲೇ ತಡೆದರು.

"ಹಾಲುಕ್ಕಿಸಿದ ಮನೆ ಕಣ್ ಮೇಷ್ಟ್ರೇ. ಸೂತಕದಾಗೆ ಕಾಲಿಡಾದುಂಟಾ? ನೀರು ನಾ ಹುಯ್ಸ್ತೀನಿ ಬುಡಿ."

"ನೀರು ಸಾಲದು. ಕಿಟಕಿ ತೆಗೆಸಿ," ಎಂದೆ.

"ಕಾಯಾಕೆ ನೀವಿಲ್ದಾಗ ಕಾಗೆ ಗೀಗೆ ಒಳಕ್ಕೆ ನುಗ್ಗುದ್ರೆ ಅಪಸಕುನ, ಮನೇನೇ ಬುಡಬೇಕಾಯ್ತದೆ. ಒಸಿ ದಿನ ಮುಚ್ಚಿರ್ಲಿ."

ಅವರು ಕೆಟ್ಟವರಲ್ಲ. ನೀರು ಹೊಯ್ಯಿಸಿದರು, ನನ್ನ ಮನೆಗೆ ಅಕ್ಕಿಯನ್ನೂ ಕಳಿಸಿದರು. ಕಿಟಕಿ ಮಾತ್ರ ತೆಗೆಸಲಿಲ್ಲ.

ಗಾಜಿನಿಂದ ಒಂದು ಉಪಕಾರವಾಯಿತು: ಹೊರಗೆ ನಿಂತೇ ಎಲ್ಲವನ್ನೂ ನೋಡಬಹುದಿತ್ತು. ಮೂರನೆಯ ದಿನ ಎಲೆ ಬಾಡಿತು. ಐದನೆಯ ದಿನ ಅಂಚು ಸುಟ್ಟು ಮುದುರಿತು. ಕಾಲಬುಡದಲ್ಲಿ ಕಲ್ಲುಗಳಿದ್ದವು. ಒಂದನ್ನೆತ್ತಿ ಬೀರಿದ್ದರೆ ಗಾಳಿಯಾಡುತ್ತಿತ್ತು. ಊರು ಏನೆಂದೀತೆಂದು ಕೈಕಟ್ಟಿ ನಿಂತಿದ್ದೆ. ಸಭೆಯಲ್ಲಿ ನಕ್ಕವನೂ ನಾನೇ ತಾನೆ.

ಹನ್ನೊಂದನೆಯ ದಿನ ಸ್ನಾನ ಮಾಡಿ, ಶುದ್ಧನಾಗಿ ಒಳಗೆ ಹೋದೆ. ಒಳಗಿನ ಬಿಸಿ ಮುಖಕ್ಕೆ ಬಡಿಯಿತು. ಪಟೇಲರು ಹಿಂದೆಯೇ ಬಂದು, "ಹೋಗ್ಲಿ ಬುಡಿ ಮೇಷ್ಟ್ರೇ, ಬ್ಯಾರೆ ತಂದ್ರಾಯ್ತು," ಎಂದರು.

ಒಂದು ಮಡಕೆಯ ಕಡ್ಡಿಯನ್ನು ಕಿತ್ತು ನೋಡಿದೆ. ಮೇಲೆ ಕರಕಲು. ಕೆಳಗೆ, ಒಣಗಿ ದಾರದಂತಾಗಿದ್ದ ಬೇರು. ಬಾಡುವ ಮೊದಲು ನಾಟಿಕೊಂಡಿತ್ತು ಅದು.