ಹುಳುಮನೆಯ ಬಾಗಿಲು

ದಿಬ್ಬೂರಹಳ್ಳಿಯ ಲೈಬ್ರರಿಯಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೇನೆ. ಬರುವವರಲ್ಲಿ ಮುಕ್ಕಾಲು ಜನ ಪೇಪರ್ ತಿರುವಿ, ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದು ಎದ್ದು ಹೋಗುತ್ತಾರೆ. ಓದಲೆಂದೇ ಬರುತ್ತಿದ್ದವರು ಅಶ್ವತ್ಥಮ್ಮ ಒಬ್ಬರೇ. ಅವರಿಗೆ ನಾನು ಮಾಡಿದ್ದನ್ನು ಇವತ್ತು ಹೇಳಿಬಿಡುತ್ತೇನೆ. ಹೊಟ್ಟೆಯಲ್ಲಿ ಇಟ್ಟುಕೊಂಡು ಸಾಕಾಗಿದೆ.

ಅಶ್ವತ್ಥಮ್ಮನವರಿಗೆ ಐವತ್ತೆರಡು. ಮದುವೆಯಾದ ಮೂರನೇ ವರ್ಷಕ್ಕೇ ಗಂಡ ತೀರಿಕೊಂಡರು. ಅಲ್ಲಿಂದಾಚೆಗೆ ಕೋನಪ್ಪನವರ ರೇಷ್ಮೆ ಹುಳುಮನೆ ನೋಡಿಕೊಳ್ಳುವುದೇ ಕೆಲಸ, ಅದಕ್ಕೆ ಅಂಟಿಕೊಂಡ ಕೋಣೆಯಲ್ಲೇ ವಾಸ. ಸುತ್ತ ಹಿಪ್ಪುನೇರಳೆ ತೋಟ, ಕೂಗಿದರೆ ಕೇಳುವಷ್ಟು ಹತ್ತಿರ ಒಂದು ಮನೆಯೂ ಇಲ್ಲ. ಹುಳುಮನೆಗೆ ಹೊರಗಿನವರನ್ನು ಬಿಡುವ ಹಾಗಿಲ್ಲ. ಕಿಟಕಿಗೆಲ್ಲ ಬಲೆ, ಬಾಗಿಲು ಸದಾ ಮುಚ್ಚಿರಬೇಕು. ಇಲ್ಲದಿದ್ದರೆ ಊಜಿ ನೊಣ ನುಗ್ಗಿ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಬೆಳೆ ಕೈಬಿಟ್ಟ ಹಾಗೇ. ಇಪ್ಪತ್ತೆಂಟು ವರ್ಷದಲ್ಲಿ ಅಶ್ವತ್ಥಮ್ಮನವರ ಕೈಯಲ್ಲಿ ಒಂದು ಬೆಳೆಯೂ ಕೆಟ್ಟಿರಲಿಲ್ಲ.

ಚಿಂತಾಮಣಿಯಲ್ಲಿ ಅವರ ತಂಗಿ ಕವಿತ ಇದ್ದಾರೆ. ಆರು ವರ್ಷದ ಹಿಂದೆ ಹೇಳದೆ ಕೇಳದೆ ಅಕ್ಕನನ್ನು ನೋಡಲು ಬಂದಿದ್ದರಂತೆ. ಹುಳು ಜ್ವರಕ್ಕೆ ಕೂತಿತ್ತು, ಅಂದರೆ ಸೊಪ್ಪು ಬಿಟ್ಟು, ಪೊರೆ ಕಳಚಲು ಅಲ್ಲಾಡದೆ ಮಲಗಿತ್ತು. "ಒಳಗೆ ಬರ್ಬೇಡ ಕಣೇ, ಅಲ್ಲೇ ಇರು!" ಎಂದು ಅಶ್ವತ್ಥಮ್ಮ ಬಲೆಯ ಹಿಂದಿನಿಂದಲೇ ಕೂಗಿದರು. ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ತಂಗಿ ವಾಪಸ್ ಬಸ್ಸು ಹತ್ತಿಯಾಗಿತ್ತು. ಮತ್ತೆ ಬರಲಿಲ್ಲ. ಫೋನ್ ಮಾಡಿದರೆ ಪುರುಸೊತ್ತಿಲ್ಲ ಅನ್ನುತ್ತಾರೆ.

ಹೋದ ವರ್ಷ ಯಾರೋ ಲೈಬ್ರರಿಗೆ ಕೊಟ್ಟುಹೋದ ಪುಸ್ತಕದ ಕಟ್ಟಿನಲ್ಲಿ ಕನ್ನಡಕ್ಕೆ ತಂದ ಒಂದು ಜಪಾನಿ ಕಾದಂಬರಿ ಇತ್ತು. ರಟ್ಟೂ ಇಲ್ಲ, ಕೊನೆಯ ಹಾಳೆಗಳೂ ಇಲ್ಲ. ಕಥೆ ನನಗೆ ಗೊತ್ತಾಗಿದ್ದು ಅಶ್ವತ್ಥಮ್ಮನವರ ಬಾಯಿಂದ, ನಾನೆಲ್ಲಿ ಓದಲಿ! ಎತ್ತರದ ಬಿಲ್ಡಿಂಗಿನಲ್ಲಿ ಒಂಟಿ ಹೆಂಗಸು. ಅವಳ ಮನೆ ಮುಂದಿನ ಕಾರಿಡಾರ್ ದಿನಕ್ಕೊಂದು ಹೆಜ್ಜೆ ಉದ್ದವಾಗುತ್ತದೆ. ಮೊದಲು ಹಾಲಿನವನು ಬರುವುದು ಬಿಟ್ಟ, ಆಮೇಲೆ ಪೋಸ್ಟಿನವನು, ಆಮೇಲೆ ನೆಂಟರು. ಗಡಿಯಾರ ರಿಪೇರಿಯವನೊಬ್ಬ ಮಾತ್ರ ಅವಳನ್ನು ನೋಡಲೇಬೇಕೆಂದು ನಡೆಯಲು ಶುರುಮಾಡುತ್ತಾನೆ. ನಡೆಯುತ್ತಾನೆ, ನಡೆಯುತ್ತಾನೆ, ಅಷ್ಟರಲ್ಲಿ ಹಾಳೆಗಳೇ ಮುಗಿದುಹೋಗುತ್ತವೆ.

"ಇದೆಂಥ ತಲೆಬುಡ ಇಲ್ಲದ ಕಥೆ ಅಮ್ಮ? ಕಾರಿಡಾರ್ ಎಲ್ಲಾದ್ರೂ ಬೆಳೆಯುತ್ತಾ?" ಎಂದು ನಕ್ಕೆ.

"ಬೆಳೀದೆ ಏನ್ ಸಾರ್? ಚಿಂತಾಮಣಿ ಎಷ್ಟು ದೂರ? ಬಸ್ಸಲ್ಲಿ ಒಂದು ಗಂಟೆ. ಕವಿತಂಗೆ ಆರು ವರ್ಷದಿಂದ ಆ ದಾರಿ ಮುಗೀತಾನೇ ಇಲ್ಲ."

ಆಮೇಲೆ ಬಂದಾಗಲೆಲ್ಲ ಅದೇ ಪ್ರಶ್ನೆ: "ಕೊನೆಗೆ ಅವನು ಬಂದ್ನಾ ಸಾರ್?" ಇನ್ನೊಂದು ಪ್ರತಿ ತರಿಸುತ್ತೇನೆ ಎಂದಿದ್ದೆ. ದೇವರಾಣೆ ಹೇಳುತ್ತೇನೆ, ಒಂದು ಫೋನ್ ಕೂಡ ಮಾಡಲಿಲ್ಲ, ಸೋಮಾರಿತನ. ಒಂದು ಮಧ್ಯಾಹ್ನ ಮೇಲಿನವರು ತಪಾಸಣೆಗೆ ಬರುತ್ತಾರೆಂದು ತಲೆ ಕೆಟ್ಟು ಕೂತಿದ್ದೆ. ಆಗಲೇ ಅಶ್ವತ್ಥಮ್ಮ ಬಂದು ಅದನ್ನೇ ಕೇಳಿದರು. ಸಿಟ್ಟು ನೆತ್ತಿಗೇರಿತು.

"ಬಂದ ಕಣಮ್ಮ! ಬಾಗಿಲು ತೆಗೆದೇ ಇತ್ತು, ಸೀದಾ ಒಳಗೆ ಬಂದ. ಸಾಕಾ?"

"ಬಾಗಿಲು ತೆಗೆದಿತ್ತಾ?"

"ಹ್ಞೂಂ ಅಂದೆನಲ್ಲ!"

ಪುಸ್ತಕ ಕೂಡ ತೆಗೆದುಕೊಳ್ಳದೆ ಹೊರಟುಹೋದರು.

ಮೂರು ವಾರ ಅವರ ಸುಳಿವಿಲ್ಲ. ಕೋನಪ್ಪನವರ ಬೆಳೆ ಪೂರ್ತಿ ಹೋಯಿತು, ಗೂಡು ತೂತು ಮಾಡಿಕೊಂಡು ಊಜಿ ಹುಳ ಉದುರುತ್ತಿದೆ ಎಂದು ಟೀ ಅಂಗಡಿಯಲ್ಲಿ ಕೇಳಿದೆ. ನೇರ ತೋಟಕ್ಕೆ ಹೋದೆ. ಅಶ್ವತ್ಥಮ್ಮ ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದರು.

"ಕವಿತಂಗೆ ಫೋನ್ ಮಾಡಿದ್ದೆ ಸಾರ್. ಭಾನುವಾರ ಬಾರಮ್ಮ, ಈ ಸಲ ಬಾಗಿಲು ತೆಗೆದೇ ಇಟ್ಟಿರ್ತೀನಿ, ಸೀದಾ ಒಳಗೇ ಬಾ ಅಂದೆ. ಆಯ್ತಕ್ಕ ಅಂದ್ಲು. ಬೆಳಿಗ್ಗೆಯಿಂದ ಸಂಜೆ ಗಂಟ ತೆಗೆದಿಟ್ಟೆ." ಕೈಯಲ್ಲಿದ್ದ ಚಂದ್ರಿಕೆಯನ್ನು ಗೋಡೆಗೆ ಆನಿಸಿದರು. "ನೊಣ ಬಂತು."

"ಕೋನಪ್ಪನವರು ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಮುಂದಿನ ಬೆಳೆಗೆ ಬೇರೆಯವರನ್ನ ನೋಡ್ತೀನಿ, ಕೋಣೆ ಖಾಲಿ ಮಾಡಮ್ಮ ಅಂದ್ರು."

ನನ್ನ ಹಾಳು ನಾಲಿಗೆ! ಇನ್ನು ತಡೆಯಲಾಗಲಿಲ್ಲ. "ಅಮ್ಮ, ಆ ಕೊನೆ ನಾನೇ ಕಟ್ಟಿ ಹೇಳಿದ್ದು. ಶುದ್ಧ ಸುಳ್ಳು. ಅವನು ಬಂದ್ನೋ ಇಲ್ವೋ ನಂಗೆ ಗೊತ್ತೇ ಇಲ್ಲ."

ಚಂದ್ರಿಕೆ ತಲೆಯ ಮೇಲೆ ಬೀಳುತ್ತದೆ ಎಂದುಕೊಂಡೆ. ಬಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಅಶ್ವತ್ಥಮ್ಮ ಒದ್ದೆ ಕೈಯಲ್ಲೇ ನಿಂತರು. ಹಾಳಾದ್ದು, ಅವರ ಮುಖ ಅರಳಿದ್ದನ್ನು ನನ್ನ ಕಣ್ಣಾರೆ ಕಂಡೆ.

"ಹಂಗಾದ್ರೆ ಅವನು ಇನ್ನೂ ನಡೀತಾ ಇದ್ದಾನೆ ಅನ್ನಿ ಸಾರ್."

ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಹುಳುಮನೆಯ ಬಾಗಿಲನ್ನು ಗೋಡೆಗೆ ತಾಗುವ ತನಕ ತಳ್ಳಿದರು. ಒಳಗೆ ಹುಳುಗಳಿರಲಿಲ್ಲ, ಇನ್ನು ಮುಚ್ಚಬೇಕಾದ ಕಾರಣವೂ ಇರಲಿಲ್ಲ.