ನಡುಪೇಟೆಯಲ್ಲಿ ನಿಂತದ್ದು

ಜಗಲಿಯ ಮೆಟ್ಟಿಲ ಬಳಿ ಮೊಮ್ಮಗಳು ಹೊಸ ಚಪ್ಪಲಿ ಬಿಟ್ಟಿದ್ದಾಳೆ. ಬಿಸಿಲಿಗೆ ಕಾದು ಅದರ ತೊಗಲಿನ ವಾಸನೆ ನಾನು ಹೂಬತ್ತಿ ಹೊಸೆಯುವಲ್ಲಿಯ ತನಕ ಬರುತ್ತಿದೆ. ಈ ವಾಸನೆ ಮೂಗಿಗೆ ಬಡಿದರೆ ನನಗೆ ಮದುವೆಯಾದ ಹೊಸತು ನೆನಪಾಗುತ್ತದೆ. ಮಲ್ಲಿಗೆಯ ಪರಿಮಳಕ್ಕೆ ನೆನಪಾಗಬೇಕಿತ್ತು ಎನ್ನುವವರು ಎಂದುಕೊಳ್ಳಲಿ.

ಮೊಮ್ಮಗಳನ್ನು ಯಲ್ಲಾಪುರಕ್ಕೆ ಕೊಟ್ಟಿದ್ದು. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದವಳು ತಿಂಗಳಾದರೂ ಹೊರಟಿಲ್ಲ. ಗಂಡ ಹೊಡೆಯುವವನಲ್ಲ, ಕುಡಿಯುವವನಲ್ಲ. ಕೇಳಿದರೆ "ಎಂತ ಇಲ್ಲೆ ಅಜ್ಜಿ" ಎನ್ನುತ್ತಾಳೆ. ಅವಳ ತಾಯಿ, ಅಂದರೆ ನನ್ನ ಸೊಸೆ, ನಿನ್ನೆ ಹತ್ತಿರ ಬಂದು ಕುಳಿತು, "ಅತ್ತೆ, ನಿಂಗಳಾದ್ರೂ ಒಂಚೂರು ಬುದ್ಧಿ ಹೇಳಿ. ಹೊಂದ್ಕಂಡು ಹೋಗು ಹೇಳಿ" ಅಂದಳು. ಬುದ್ಧಿ ಹೇಳಲು ನಾನು ಕಲಿತದ್ದಾದರೂ ಎಷ್ಟು? ಕನ್ನಡ ಎರಡನೇ ಇಯತ್ತೆ. ಉಳಿದದ್ದನ್ನು ಗಂಡನ ಮನೆಯಲ್ಲಿ ಕಲಿತೆ, ಅದೂ ಸುಲಭದಲ್ಲಲ್ಲ.

ನನ್ನ ತವರು ಕಾನಸೂರು. ಸಿರಸಿಯಲ್ಲಿ ಕನ್ನಡ ಶಾಲೆಯ ಮಾಸ್ತರರಿಗೆ ಕೊಟ್ಟರು. ಕರ ಕೊಡುವುದಿಲ್ಲವೆಂದು ಸಿದ್ದಾಪುರದ ಕಡೆ ಹೆಂಗಸರೂ ಜೈಲಿಗೆ ಹೋದ ಸುದ್ದಿ ಬರುತ್ತಿದ್ದ ಕಾಲ. ನಮ್ಮವರದು ಸರಕಾರದ ನೌಕರಿ, ಜೈಲಿಗೆ ಹೋಗುವ ಹಾಗಿಲ್ಲ. ಅದಕ್ಕೇ ಇರಬೇಕು, ಸುಧಾರಣೆಯನ್ನು ಮನೆಯೊಳಗೇ ಶುರು ಮಾಡಿದರು. ಧಾರವಾಡದಿಂದ ಬರುವ ಮಾಸಪತ್ರಿಕೆ ಓದಿ ಮುಗಿಸಿ ಒಂದು ದಿನ ನನ್ನನ್ನು ಕರೆದರು. "ಇವತ್ತಿಂದ ನೀನು ಯಂಗೆ ಸಮ. ಗೊತ್ತಾತ?"

"ಗೊತ್ತಾತು" ಎಂದೆ. ಸ್ನಾನಕ್ಕೆ ನೀರು ಕಾಸು ಎಂದಾಗಲೂ ಹೀಗೇ ಅನ್ನುತ್ತಿದ್ದೆ.

ಗಂಡಸರು ಉಂಡೆದ್ದ ಮೇಲೆ ಹೆಂಗಸರು ಉಣ್ಣುವ ಮನೆ ಅದು. ಅವರು ತಮ್ಮ ಪಕ್ಕದಲ್ಲೇ ನನಗೂ ಎಲೆ ಹಾಕಿಕೊಳ್ಳಲು ಹೇಳಿದರು. ಹಾಗಾದರೆ ಬಡಿಸುವವರು ಯಾರು? ಅದನ್ನು ಪತ್ರಿಕೆಯಲ್ಲಿ ಬರೆದಿರಲಿಲ್ಲವೆಂದು ಕಾಣುತ್ತದೆ. ತಂಬುಳಿಗೆ ಏಳು, ಸಾರಿಗೆ ಏಳು, ಮಜ್ಜಿಗೆಗೆ ಏಳು. ಎದ್ದು ಕೂತು ಮಾಡುವುದರೊಳಗೆ ನನ್ನ ಅನ್ನ ಆರಿತು. ಒಳಗಿನಿಂದ ಅತ್ತೆ, "ಎಂತದೇ ಅದು? ಊಟವ, ಬಸ್ಕಿಯ?" ಎಂದು ನಕ್ಕರು.

ಆಮೇಲೆ ಚಪ್ಪಲಿ ಬಂತು. ಆಗ ನಮ್ಮ ಮನೆಗಳ ಹೆಂಗಸರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ಇವರೇ ಹೋಗಿ ಹೊಲಿಸಿ ತಂದರು, ನನ್ನ ಪಾದದ ಅಳತೆ ಕೇಳದೆ. "ದೊಡ್ಡಾಗ್ತು" ಎಂದೆ. "ರೂಢಿ ಆಗ್ತು" ಎಂದರು. ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಇದೇ ನೋಡಿ. ಕೆಟ್ಟವರಾಗಿದ್ದರೆ ಬಾವಿಕಟ್ಟೆಯಲ್ಲಿ ನಾಲ್ಕು ಜನರ ಎದುರು ಬೈದುಕೊಂಡು ಹಗುರಾಗಬಹುದಿತ್ತು. ಇವರು ಒಳ್ಳೆಯವರು. ತಾನು ಒಳ್ಳೆಯವನೆಂದು ಅವರಿಗೂ ಗೊತ್ತಿತ್ತು, ಹಾಗಾಗಿ ನನ್ನನ್ನು ಏನಾದರೂ ಕೇಳಬೇಕೆಂದು ತೋರಲೇ ಇಲ್ಲ. ನೆರೆಮನೆಯವರು "ಎಂಥ ಪುಣ್ಯವಂತೆ" ಎನ್ನುತ್ತಿದ್ದರು. ಪುಣ್ಯವಂತೆ ಮಾತು ಕಡಿಮೆ ಮಾಡಿದಳು. ಅವರಿಗೆ ಅದು ತಿಳಿಯಲೂ ಇಲ್ಲ, ಮನೆ ತುಂಬುವಷ್ಟು ಮಾತು ಅವರಲ್ಲೇ ಇತ್ತು.

ಒಂದು ಆದಿತ್ಯವಾರ ಸಂಜೆ ಕೋಟೆಕೆರೆಯ ತನಕ ಜೋಡಿಯಾಗಿ ತಿರುಗಾಡಿ ಬರುವುದೆಂದು ಅಪ್ಪಣೆಯಾಯಿತು. "ಹಿಂದೆ ಬರಡ. ಪಕ್ಕಕ್ಕೆ ಬಾ" ಎಂದರು. ಅವರದು ಉದ್ದ ಕಾಲು. ನಾನು ಒಂದು ಕೈಯಲ್ಲಿ ನೆರಿಗೆ ಎತ್ತಿ ಹಿಡಿದು, ಬೆರಳಿನಲ್ಲಿ ಚಪ್ಪಲಿ ಕಚ್ಚಿ ಹಿಡಿದು, ಅರ್ಧ ನಡಿಗೆ ಅರ್ಧ ಓಟ. ಪೇಟೆಯವರು ತಕ್ಕಡಿ ಬಿಟ್ಟು ನೋಡುತ್ತಿದ್ದರು. ನಮ್ಮವರು ಸ್ತ್ರೀಯರ ಏಳಿಗೆಯ ಬಗ್ಗೆ ಹೇಳುತ್ತಿದ್ದರು.

ಬಳೆ ಸಾಹೇಬರ ಅಂಗಡಿಯ ಎದುರು ನಾನು ನಿಂತುಬಿಟ್ಟೆ. ಉಸಿರು ಸಾಲದೆ ನಿಂತೆ, ಸಿಟ್ಟು ಬಂದದ್ದು ನಿಂತ ಮೇಲೆ. ಅವರು ಹೋಗುತ್ತಲೇ ಇದ್ದರು, ನಾನು ಪಕ್ಕದಲ್ಲಿದ್ದೇನೆಂದುಕೊಂಡು ಗಾಳಿಗೆ ಕೈಮಾಡಿ ವಿವರಿಸುತ್ತ. ಆಗ ಮನಸ್ಸಿನಲ್ಲೇ ನಿಶ್ಚಯ ಮಾಡಿದೆ. ಆ ತಿರುವು ದಾಟುವುದರೊಳಗೆ ಹಿಂತಿರುಗಿ ನೋಡಿದರೆ ಸರಿ. ನೋಡದಿದ್ದರೆ ಇಲ್ಲಿಂದಲೇ ಕಾನಸೂರಿನ ದಾರಿ, ಮತ್ತೆ ಈ ಊರಿಗೆ ಬರುವುದಿಲ್ಲ. ನೀವು ತಮಾಷೆ ಎಂದುಕೊಂಡೀರಿ. ಒಂದು ಕಾಲನ್ನು ಆಗಲೇ ಕಾನಸೂರಿನ ಕಡೆಗೆ ತಿರುಗಿಸಿ ಇಟ್ಟಿದ್ದೆ.

ತಿರುವು ಇನ್ನೇನು ಬಂತು ಎನ್ನುವಾಗ ಸಾಹೇಬರು ಗಾದಿಯಿಂದೆದ್ದು ಕೂಗಿದರು. "ಮಾಸ್ತರ್ರ! ಎಂಜಿನ್ ಒಂದೇ ಹೊಂಟತಲ್ರೀ! ಡಬ್ಬಿ ಇಲ್ಲೇ ಉಳೀತು ನೋಡ್ರಿ!" ಬಳೆ ತರಲು ಹಾವೇರಿಗೆ ಹೋಗಿ ಬರುವ ಮನುಷ್ಯ, ರೈಲು ಕಂಡವರು. ಇಡೀ ಸಾಲಂಗಡಿ ನಕ್ಕಿತು.

ನಮ್ಮವರು ಕೆಂಪು ಮುಖ ಮಾಡಿಕೊಂಡು ವಾಪಸು ಬಂದರು. "ಎಂತಕ್ಕೆ ನಿತ್ಕಂಡೆ?"

"ಯಂಗೆ ಓಡಲೆ ಬತ್ತಿಲ್ಲೆ. ನಿಂಗಕ್ಕೆ ನಡೆಯಲೆ ಬತ್ತ?"

"ಹೇಳಿದ್ರೆ ಆಗ್ತಿತ್ತಲೇ."

"ನಿಂಗ ಕೇಳಿದ್ರೆ ಹೇಳ್ತಿದ್ದಿ" ಎಂದೆ.

ಸಾಹೇಬರು ಬಳೆ ಒರೆಸುವ ನೆಪದಲ್ಲಿ ಅತ್ತ ತಿರುಗಿದರು. ಇವರು ಸ್ವಲ್ಪ ಹೊತ್ತು ನನ್ನ ಕಾಲು ನೋಡಿದರು. "ದೊಡ್ಡಾತ?" ಎಂದರು. ಉತ್ತರ ಬೇಕಾಗಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಚಪ್ಪಲಿ ಕಳಚಿ ಅವರ ಕೈಗೇ ಕೊಟ್ಟೆ. ಕೋಟೆಕೆರೆಯ ತನಕ ಅದನ್ನು ಹಿಡಿದುಕೊಂಡು, ಹೆಜ್ಜೆ ಕತ್ತರಿಸಿ ಕತ್ತರಿಸಿ ಕೋಳಿಯ ಹಾಗೆ ನಡೆದರು.

ಅಂದಿನಿಂದ ಎಲ್ಲ ಕೇಳಿಯೇ ಮಾಡಿದರು ಎಂದರೆ ಸುಳ್ಳಾದೀತು. ಮರೆಯುತ್ತಿದ್ದರು. ಮರೆತಾಗೆಲ್ಲ ನಾನು ನಿಲ್ಲುತ್ತಿದ್ದೆ, ಕೈಯಲ್ಲಿ ಸೌಟಿದ್ದರೆ ಸೌಟು ಹಿಡಿದೇ. ಅವರಿಗೆ ಅರ್ಥವಾಗುತ್ತಿತ್ತು. ಪೇಟೆಯಲ್ಲಿ ಗಂಡನನ್ನು ತಿರುಗಿ ಬರಿಸಿದವಳು ಎಂದು ನನಗೆ ಹೆಸರು ಬಂತು. ಕೆಲವರು ಬೈಗುಳವೆಂದೇ ಹೇಳಿದರು. ನಾನು ಎರಡು ಕಿವಿಯಿಂದಲೂ ಕೇಳಿ ಹಿಗ್ಗಿದೆ.

ಇವತ್ತು ಮೊಮ್ಮಗಳಿಗೆ ಇದನ್ನೇ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದಳು, "ಅಜ್ಜಿ, ಸಾಹೇಬ್ರು ಕೂಗದೇ ಹೋಗಿದ್ರೆ ಅಜ್ಜ ತಿರುಗಿ ನೋಡ್ತಿದ್ನ?"

"ಇಲ್ಲೆ" ಎಂದೆ. ಸುಳ್ಳು ಯಾಕೆ ಹೇಳಲಿ?

"ಮತ್ತೆ ನೀನು ಕಾನಸೂರಿಗೆ ಹೋಗ್ತಿದ್ದೆ."

"ಹೋಗ್ತಿದ್ದಿ" ಎಂದೆ.

"ಅಲ್ಲಿ ನಿನ್ನ ಇಟ್ಕತ್ತಿದ್ವ?"

ಎಷ್ಟು ವರ್ಷದಿಂದ ಎಷ್ಟು ಜನರಿಗೆ ಹೇಳಿದ ಕಥೆ! ಇದನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಪ್ಪ ಒಂದು ಊಟ ಹಾಕಿಸಿ, ಬೆಳಗಾಗುವುದರೊಳಗೆ ಗಾಡಿ ಕಟ್ಟಿಸಿ ಸಿರಸಿಗೆ ತಂದು ಬಿಡುತ್ತಿದ್ದ. ಆಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಹೊಂದ್ಕಂಡು ಹೋಗು ಮಗಾ" ಎನ್ನುತ್ತಿದ್ದಳು. ನಿಲ್ಲುವ ಧೈರ್ಯ ನನ್ನಲ್ಲಿತ್ತು, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಬೆನ್ನಿಗೆ ಒಂದು ಮನೆ ಇರಲಿಲ್ಲ. ಇದ್ದದ್ದು ಸಾಹೇಬರ ಗಂಟಲು.

ಹತ್ತಿ ಬದಿಗಿಟ್ಟು ಎದ್ದು ಅಡಿಗೆಮನೆಗೆ ಹೋದೆ. ಮಗ ಚಹ ಕುಡಿಯುತ್ತಿದ್ದ. ಸೊಸೆ ಆಸೆಯಿಂದ, "ಕೂಸಿಗೆ ಬುದ್ಧಿ ಹೇಳಿದ್ರ ಅತ್ತೆ?" ಎಂದಳು.

"ಕೂಸಿಗೆ ಹೇಳೂದು ಎಂತೂ ಇಲ್ಲೆ. ನಿಂಗಕ್ಕೆ ಹೇಳಲೆ ಬಂದಿ" ಎಂದೆ. "ಅದು ಹೋಗ್ತಿ ಹೇಳಿದ್ರೆ ಕಳಿಸಿ. ಇರ್ತಿ ಹೇಳಿದ್ರೆ, ಯಾವಾಗ ಹೋಗ್ತೆ ಹೇಳಿ ಈ ಮನೆಲ್ಲಿ ಯಾರೂ ಕೇಳಡಿ."

ಸೊಸೆ ಗಂಡನ ಮುಖ ನೋಡಿದಳು. ಮಗ ಲೋಟ ಕೆಳಗಿಟ್ಟ. "ಊರವ್ರು ಕೇಳಿದ್ರೆ ಎಂತ ಹೇಳೂದು ಆಯಿ?"

"ಊರವ್ರನ್ನ ಯನ್ನ ಹತ್ರ ಕಳಿಸು" ಎಂದೆ.